ಬಿಳಿ ನೊಣ ಮತ್ತು ಟೊಮೆಟೊ ಬೆಳೆಯ ನಂಜುರೋಗ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾಟಿಯಾಗಿ ತಿಂಗಳೊಳಗೆ ಟೊಮೆಟೊ ಗಿಡದ ಎಲೆಗಳು ಹಳದಿಯಾಗಿ ಮುದುಡುವುದನ್ನೂ, ಗಿಡ ಕುಳ್ಳಾಗಿ ಪೊದೆಯಂತಾಗುವುದನ್ನೂ, ಹೂ ಉದುರುವುದನ್ನೂ ತಾವು ನೋಡಿದ್ದೀರಿ. ಗೊಬ್ಬರ ಸಾಲದೆಂದು ಕೆಲವರು ಮತ್ತೆ ಗೊಬ್ಬರ ಹಾಕುತ್ತಾರೆ. ಆದರೆ ಇದು ಎಲೆ ಮುಟುರು ರೋಗ. ಇದಕ್ಕೆ ಕಾರಣ ಕಣ್ಣಿಗೆ ಕಾಣದ ನಂಜಾಣು.

ಈ ನಂಜನ್ನು ಹೊಲದಿಂದ ಹೊಲಕ್ಕೆ ಹೊತ್ತು ತರುವುದು ಬಿಳಿ ನೊಣ. ಅದರ ಉದ್ದ ಸುಮಾರು 1 ಮಿಲಿಮೀಟರು ಮಾತ್ರ. ಎಲೆಯ ಅಡಿಭಾಗದಲ್ಲಿ ಕುಳಿತು ರಸ ಹೀರುತ್ತದೆ. ರೋಗದ ಗಿಡದ ರಸ ಹೀರಿದ ನೊಣ ಮುಂದೆ ಹಲವು ದಿನ ಆರೋಗ್ಯವಂತ ಗಿಡಗಳಿಗೆ ನಂಜನ್ನು ಅಂಟಿಸುತ್ತಲೇ ಇರುತ್ತದೆ. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಈ ನೊಣದ ಹೊಸದೊಂದು ಬಗೆ ಕಾಣಿಸಿಕೊಂಡಿತು. ಅಲ್ಲಿನ ಟೊಮೆಟೊ ಬೆಳೆಗೆ ರೋಗ ಬಲವಾಗಿ ತಗಲಿತು.

ನಂಜು ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಎಳೆಯ ಸಸಿಗೆ ಹತ್ತಿದರೆ ಫಸಲೇ ಕೈಗೆ ಬಾರದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು? ಆದುದರಿಂದ ಮೊದಲೇ ಹೀಗೆ ಮಾಡಿರಿ:

1. ರೋಗ ತಡೆಯುವ ತಳಿ ಆರಿಸಿರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಂಥದೊಂದು.

2. ಒಟ್ಲುಪಾತಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿರಿ. ಸೊಳ್ಳೆ ಪರದೆಯ ಕಣ್ಣು ದೊಡ್ಡದು. ನೊಣ ಅದರಲ್ಲಿ ನುಗ್ಗೀತು.

3. ನಾಟಿಗೆ ಮುಂಚೆಯೇ ಹೊಲದ ಸುತ್ತ ಮುಸುಕಿನ ಜೋಳದ ಸಾಲುಗಳನ್ನು ಬೆಳೆಸಿರಿ. ಒಳಗೆ ಹಳದಿ ಅಂಟು ಹಲಗೆಗಳನ್ನು ನೆಡಿರಿ.

4. ನಾಟಿಯಾದ ಮೊದಲ ತಿಂಗಳು ದಿನವೂ ಸಾಲು ನೋಡಿರಿ. ರೋಗದ ಗಿಡ ಕಂಡರೆ ನೊಣ ಚುರುಕಾಗುವ ಮೊದಲೇ, ತಂಪು ಹೊತ್ತಿನಲ್ಲಿ ಕಿತ್ತು, ಚೀಲಕ್ಕೆ ತುಂಬಿ ಹೂಳಿರಿ.

5. ಒಂದೇ ಕೀಟನಾಶಕವನ್ನು ಪದೇ ಪದೇ ಸಿಂಪಡಿಸಬೇಡಿರಿ. ನೊಣ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಒಬ್ಬರಿಂದ ಕೆಲಸ ಪೂರೈಸದು. ಕೊಯ್ಲು ಮುಗಿದ ಹಳೆಯ ಟೊಮೆಟೊವನ್ನು ಹೊಲದಲ್ಲೇ ಒಣಗಲು ಬಿಟ್ಟವರ ಬದುವಿನಾಚೆ, ಸಾಲ ಮಾಡಿ ನಾಟಿ ಹಾಕಿದ ನೆರೆಯವರ ಸಸಿಗಳಿವೆ. ನೊಣಕ್ಕೆ ಬದುವಿನ ಲೆಕ್ಕವಿಲ್ಲ. ಹೊಸ ಒಟ್ಲು ಹಾಕುವ ಮೊದಲು ಊರವರೆಲ್ಲ ಕೂಡಿ ಒಂದು ದಿನ ಗೊತ್ತುಮಾಡಿ, ಹಳೆಯ ಗಿಡಗಳನ್ನೂ ಬದುವಿನ ಕಳೆಗಳನ್ನೂ ಕಿತ್ತುಹಾಕಿರಿ. ಈ ಕೆಲಸಕ್ಕೆ ಹಣ ಬೇಡ, ಒಗ್ಗಟ್ಟು ಬೇಕು. ಮುಂದಿನ ಹಂಗಾಮಿನಿಂದಲೇ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ.