ನಿರ್ಜನವೆನಿಸುವ ದಾರಿ

ಅಮೆರಿಕದ ನೈಋತ್ಯ ಭಾಗದ ಮರುಭೂಮಿಯನ್ನು ಒಬ್ಬಂಟಿಯಾಗಿ ಕಾರಿನಲ್ಲಿ ದಾಟುವವರು ಹೆಚ್ಚಾಗಿ ಏಕಾಂತವನ್ನು ಅರಸಿ ಹೊರಡುತ್ತಾರಾದರೂ, ಆ ಏಕಾಂತವು ಅನೇಕರ ದುಡಿಮೆಯನ್ನು ನೆಚ್ಚಿಕೊಂಡಿದೆ ಎಂಬುದಕ್ಕೆ ದಾರಿಯುದ್ದಕ್ಕೂ ಕುರುಹುಗಳಿವೆ. ಷಿಕಾಗೋದಿಂದ ಲಾಸ್ ಏಂಜಲೀಸ್‌ನತ್ತ ಸಾಗುತ್ತಿದ್ದ, 1926ರಲ್ಲಿ ಸ್ಥಾಪಿತವಾದ ರೂಟ್ 66 ಹೆದ್ದಾರಿಯು ಪೆಟ್ರೋಲ್ ಬಂಕು, ಹೋಟೆಲು ಮತ್ತು ಮೋಟೆಲು, ಅಂದರೆ ವಾಹನವನ್ನು ಕೋಣೆಯ ಬಾಗಿಲ ಬಳಿಯೇ ನಿಲ್ಲಿಸಬಹುದಾದ ವಸತಿಗೃಹ, ಇವುಗಳಿಂದಲೇ ಬದುಕುವ ಊರುಗಳನ್ನು ಬೆಳೆಸಿತು; ವೇಗದ ಅಂತರರಾಜ್ಯ ಹೆದ್ದಾರಿಗಳು ಬಂದಂತೆ ಮೊಜಾವೆ ಮರುಭೂಮಿಯ ಆಂಬಾಯ್‌ನಂಥ ಊರುಗಳು ಬರಿದಾದವು, 1985ರಲ್ಲಿ ರೂಟ್ 66 ಹೆಸರನ್ನೇ ಅಧಿಕೃತ ಪಟ್ಟಿಯಿಂದ ಕೈಬಿಡಲಾಯಿತು.

ಆದರೆ ಈ ನೆಲವನ್ನು ನಿರ್ಜನವೆಂದು ಕರೆಯುವುದು ದಾರಿಹೋಕರ ರೂಢಿಯೇ ಹೊರತು ವಾಸ್ತವವಲ್ಲ. ಅರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳಲ್ಲಿ ಹರಡಿರುವ, ಸುಮಾರು 70,000 ಚದರ ಕಿಲೋಮೀಟರ್ ವಿಸ್ತಾರದ ನವಾಹೋ ನೇಷನ್ ಎಂಬುದು ನವಾಹೋ ಮೂಲನಿವಾಸಿಗಳ ಸ್ವಯಮಾಡಳಿತ ಪ್ರದೇಶ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಅರಿಜೋನಾ ಬಹುಮಟ್ಟಿಗೆ ಪಾಲಿಸುವುದಿಲ್ಲ, ನವಾಹೋ ನೇಷನ್ ಪಾಲಿಸುತ್ತದೆ, ಅದರ ನಡುವೆಯೇ ಇರುವ ಹೋಪಿ ಜನರ ಪ್ರದೇಶ ಮತ್ತೆ ಪಾಲಿಸುವುದಿಲ್ಲ. ಹೀಗಾಗಿ ಒಂದೇ ಹಗಲಿನ ಪಯಣದಲ್ಲಿ ಗಡಿಯಾರವು ಹಲವು ಸಲ ಹಿಂದುಮುಂದಾಗುತ್ತದೆ, ಮತ್ತು ಈ ತೊಡಕನ್ನು ಅನೇಕ ಪ್ರವಾಸಿಗಳು ವಿನೋದವೆಂದೇ ಬಗೆಯುತ್ತಾರೆ. ನೀರಿನ ವಿಷಯದಲ್ಲಿ ವಿನೋದವಿಲ್ಲ. ಮರುಭೂಮಿಯ ಪಯಣಿಗನೊಬ್ಬನು ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರನ್ನು ಜೊತೆಗಿರಿಸಿಕೊಳ್ಳಬೇಕೆಂಬುದು ಅಲ್ಲಿನ ಸಾಮಾನ್ಯ ಸಲಹೆಯಾಗಿದ್ದು, ಅವನು ಕೆಲವು ದಿನಗಳ ಮಟ್ಟಿಗೆ ಮಾಡುವ ಈ ಲೆಕ್ಕಾಚಾರವನ್ನು, ಕೊಳಾಯಿಯಿಲ್ಲದೆ ದೂರದಿಂದ ವಾಹನಗಳಲ್ಲಿ ನೀರು ತರುವ ಅನೇಕ ನವಾಹೋ ಕುಟುಂಬಗಳು ವರ್ಷವಿಡೀ ಮಾಡುತ್ತವೆ.