ಮರೆವಿನ ಹಿರಿಯರ ಆರೈಕೆ: ನೀವೂ ಬರೆಯಿರಿ



ನಮ್ಮ ಅಜ್ಜಿ ದಿನಾ ಸಂಜೆ ಗಂಟು ಕಟ್ಟಿಕೊಂಡು ‘ತವರಿಗೆ ಹೋಗತೀನಿ’ ಎಂದು ಹೊರಡುತ್ತಿದ್ದಳು. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಗದರಿಸುತ್ತಿದ್ದೆವು. ಒಂದು ದಿನ ನಮ್ಮವ್ವ ಗದರಿಸದೆ, ಕೈಹಿಡಿದು ಓಣಿಯ ಗುಡಿಯವರೆಗೆ ನಡೆಸಿ, ತವರಿನ ಮಾತಾಡಿಸುತ್ತ ಕರೆತಂದಳು. ಅಜ್ಜಿ ಸಮಾಧಾನದಿಂದ ಉಂಡು ಮಲಗಿದಳು. ಇದನ್ನು ಯಾರಾದರೂ ಮೊದಲೇ ಬರೆದು ನಾವು ಓದಿದ್ದರೆ, ಅಷ್ಟು ದಿನ ಅಜ್ಜಿಯನ್ನು ಅಳಿಸುತ್ತಿರಲಿಲ್ಲ.

ಡಿಮೆನ್ಷಿಯಾ ಮುಪ್ಪಿನ ಸಹಜ ಮರೆವಲ್ಲ. ಮೊದಲು ವೈದ್ಯರಿಗೆ ತೋರಿಸಿರಿ. ಥೈರಾಯ್ಡ್, ಬಿ-12 ಕೊರತೆಯ ಮರೆವಿಗೆ ಚಿಕಿತ್ಸೆ ಇದೆ. ಜರ್ಮನಿಯ ಡಾ. ಅಲ್ಝೈಮರ್ 1906ರಲ್ಲಿ ವಿವರಿಸಿದ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಅಲ್ಲಿ ಮನೆಯ ಆರೈಕೆಯೇ ದೊಡ್ಡದು. ಅದನ್ನು ಬಲ್ಲವರು ನೀವು.

ಪತ್ರಿಕೆಗೆ ಬರೆಯುವಾಗ:

1. ಒಂದೇ ಪ್ರಸಂಗ ಬರೆಯಿರಿ. ಏನಾಯಿತು, ನೀವೇನು ಮಾಡಿದಿರಿ, ಫಲವೇನು? ನಿಮ್ಮಿಂದಾದ ತಪ್ಪನ್ನೂ ಬರೆಯಿರಿ.

2. ಮನೆಯವರ ಒಪ್ಪಿಗೆ ಪಡೆಯಿರಿ. ರೋಗಿಯ ಹೆಸರು, ಫೋಟೋ ಬೇಡ. ‘ಹುಚ್ಚು’ ಎಂಬ ಮಾತೂ ಬೇಡ.

3. ಗುಳಿಗೆಯ ಹೆಸರು, ಪ್ರಮಾಣ ಬರೆಯಬೇಡಿರಿ.

4. ಹಾಳೆಯ ಒಂದೇ ಬದಿಗೆ ಬಿಡಿಸಿ ಬರೆದು, ಕೊನೆಗೆ ನಿಮ್ಮ ವಿಳಾಸ, ಫೋನ್ ನಂಬರ್ ಹಾಕಿರಿ. ಒಂದು ಪ್ರತಿ ನಿಮ್ಮಲ್ಲಿರಲಿ. ಒಮ್ಮೆಗೆ ಒಂದೇ ಪತ್ರಿಕೆಗೆ ಕಳಿಸಿರಿ.

5. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ ದಿನ. ಅದಕ್ಕಾಗಿ ಬರೆದದ್ದನ್ನು ಒಂದು ತಿಂಗಳು ಮೊದಲೇ ಕಳಿಸಿರಿ.

ಬರೆಯಲು ಬಾರದವರು ಹೇಳಿರಿ, ಮಕ್ಕಳು ಬರೆದುಕೊಳ್ಳಲಿ. ಅಚ್ಚಾಗದಿದ್ದರೆ ಬೇಸರಿಸದೆ ಮತ್ತೆ ಬರೆಯಿರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವುದೋ ಮನೆಯಲ್ಲಿ ಸೊಸೆಯೊಬ್ಬಳಿಗೆ, ಅತ್ತೆಯನ್ನು ಗದರಿಸುವ ಮೊದಲು ನಿಮ್ಮ ನಾಲ್ಕು ಸಾಲು ನೆನಪಾದರೆ ಸಾಕು.