ಕಾಕಾನ ಉದ್ರಿ ವಹಿ, ನನ್ನ ತಪ್ಪು ಕ್ವೆರಿ

ಈ ಸಲ ಕುಂದಗೋಳದಿಂದ, ನಮ್ಮ ಕಾಕಾನ ಬೀಜ-ಗೊಬ್ಬರದ ಅಂಗಡಿ ಹಿಂದಿನ ಖೋಲಿಯಿಂದ ಮಾತಾಡ್ತಿದ್ದೀನಿ. ನಡುವೆ ಟ್ರ್ಯಾಕ್ಟರ್ ಸಪ್ಪಳ ಬಂದ್ರ ಸಹಿಸ್ಕೊಳ್ರಿ.

ಇಲ್ಲಿ ಹತ್ತಿ, ಶೇಂಗಾ, ಮೆಣಸಿನಕಾಯಿ ಬೆಳೀತಾರೆ. ಬಿತ್ತುವಾಗ ಬೀಜ ಉದ್ರಿ, ಮಾಲು ಮಾರಿದ ಮ್ಯಾಲೆ ರೊಕ್ಕ. ಆ ಉದ್ರಿ ವಹಿಯನ್ನ ನಾನು ಪೂರ್ತಿ ಡೇಟಾಬೇಸ್‌ಗೆ ಹಾಕಿದೆ. ಕೊಟ್ಟ ಮಾಲು ಪ್ಲಸ್, ಬಂದ ಜಮಾ ಮೈನಸ್, ಒಂದೊಂದಕ್ಕೂ ಒಂದು ಸಾಲು. ಮುಂಗಾರಿಗೆ ಮುಂಚೆ ಕಾಕಾ ಹೇಳಿದ್ರು: "₹20,000 ದಾಟಿದವರನ್ನ ತೆಗಿ. ಅವರಿಗೆ ಈ ಸಲ ಉದ್ರಿ ಬಂದ್."

ನಾನು ಬಿಕಾಂ ಓದಿದವ, ಎಸ್‌ಕ್ಯೂಎಲ್ ಯೂಟ್ಯೂಬ್ ನೋಡಿ ಕಲಿತವ. 'ವೇರ್ ಮೊತ್ತ > 20000' ಅಂತ ಬರೆದು, ಕೆಳಗೆ 'ಗ್ರೂಪ್ ಬೈ ಹೆಸರು' ಹಾಕಿದೆ. 3 ಹೆಸರು ಬಂತು. ಕಾಕಾಗೆ ಚೀಟಿ ಕೊಟ್ಟೆ.

ಮರುದಿನ ಆ ಮೂವರಲ್ಲಿ ಒಬ್ಬರು ಬೀಜಕ್ಕೆ ಬಂದ್ರು. ಕಾಕಾ ಇಲ್ಲ ಅಂದ್ರು. "ದೀಪಾವಳಿಗೇ ಚುಕ್ತಾ ಮಾಡೀನಲ್ರಿ" ಅಂದು, ಖಾಲಿ ಚೀಲ ಮಡಚಿಕೊಂಡು ಹೊರಟೇ ಹೋದ್ರು. ಆಮೇಲೆ ಕಾಗದದ ವಹಿ ತೆಗೆದು ನೋಡಿದ್ರೆ ಖರೇನೇ ಚುಕ್ತಾ!

ಆಗಿದ್ದೇನಂದ್ರೆ, ವೇರ್ ಕೆಲಸ ಮಾಡೋದು ಗುಂಪು ಕಟ್ಟೋದಕ್ಕಿಂತ ಮೊದಲು. ಅದು ಒಂದೊಂದು ಸಾಲನ್ನ ಬಿಡಿಬಿಡಿಯಾಗಿ ನೋಡುತ್ತೆ. ಅವರದು ಪೈಪಿನ ಬಿಲ್ಲು, ಒಂದೇ ಸಾಲಿನಲ್ಲಿ ₹24,000. ಅದು ಉಳೀತು. ಜಮಾದ ಮೈನಸ್ ಸಾಲುಗಳನ್ನ ವೇರ್ ಎಸೆದುಬಿಡ್ತು. ಇನ್ನೊಬ್ಬರು ₹5,000ದ 6 ಬಿಲ್ಲು ಮಾಡಿ ಒಂದು ಪೈಸೆ ಕೊಟ್ಟಿರಲಿಲ್ಲ, ಅವರು ಪಟ್ಟಿಯಲ್ಲೇ ಇಲ್ಲ. ಕೂಡಿಸಿದ ಮೇಲೆ ಸೋಸೋಕೆ ಹ್ಯಾವಿಂಗ್ ಬೇಕು: 'ಗ್ರೂಪ್ ಬೈ ಹೆಸರು ಹ್ಯಾವಿಂಗ್ ಸಮ್(ಮೊತ್ತ) > 20000'. 1974ರಲ್ಲಿ ಐಬಿಎಂನ ಚೇಂಬರ್ಲಿನ್, ಬಾಯ್ಸ್ ಈ ಭಾಷೆಯ ಮೊದಲ ರೂಪವನ್ನ ಸೀಕ್ವೆಲ್ ಅಂತ ಪ್ರಕಟಿಸಿದ್ದು. 50 ವರ್ಷ ಆದ ಮೇಲೂ ಹೊಸಬರು ಎಡವೋದು ಇಲ್ಲೇ ಅಂತ ನನಗನ್ಸುತ್ತೆ.

ಈಗ 11 ಹೆಸರು. ಕಾಕಾ ಒಂದರ ಮ್ಯಾಲೆ ಬೆರಳಿಟ್ರು: "ಇಂವ ಇಷ್ಟು ಒಯ್ದೇ ಇಲ್ಲ." ನೋಡಿದ್ರೆ ಒಂದೇ ಊರು, ಒಂದೇ ಹೆಸರು, ಅಡ್ಡಹೆಸರೂ ಒಂದೇ, ಆದರೆ ಇಬ್ಬರು ಬೇರೆ ಬೇರೆ ಮನುಷ್ಯರು! ಒಬ್ಬರದು ₹14,000, ಇನ್ನೊಬ್ಬರದು ₹9,000. ಗ್ರೂಪ್ ಬೈಗೆ ಮುಖ ಗುರುತು ಎಲ್ಲಿಂದ ಬರಬೇಕ್ರಿ? ಹೆಸರು ಬಿಟ್ಟು ವಹಿಯ ಪುಟದ ನಂಬರ್ ಮೇಲೆ ಗುಂಪು ಮಾಡಿದೆ. 10 ಉಳೀತು. ಪ್ರತಿ ಪುಟವನ್ನೂ ಕಾಕಾ ತಾವೇ ತಾಳೆ ನೋಡಿದ್ರು.

ಸಂಜೆ ಬೈಕಿನ ಮ್ಯಾಲೆ ಬೀಜದ ಚೀಲ ಇಟ್ಕೊಂಡು ಪೈಪಿನವರ ಮನೆಗೆ ಹೋದೆ. ಅವರು ಚಹಾ ಕೊಟ್ರು. ಬೀಜ ಮಾತ್ರ ಆಗಲೇ ಹುಬ್ಬಳ್ಳಿಯಿಂದ ತಂದಿದ್ರು.